ಹವಾಯಿ ಚಪ್ಪಲಿಯ ಕಪ್ಪೆಗೆ ಮುರಲು ಬೀಳುತ್ತಾ?

(ದೃಶ್ಯ: ಬೆಳಗಿನ ಆರು ಗಂಟೆ. ಬಾಗಲಕೋಟೆ ಹತ್ತಿರ ಆಲಮಟ್ಟಿ ಹಿನ್ನೀರು. ಜೊಂಡಿನ ನಡುವೆ ಗುಳುಕ್ ಎಂಬ ಸದ್ದು.)

ಕೇಳಿಸ್ತಾ? ಅದು ಮುರಲು ಮೀನು. ಮೇಲೆ ಬಂದು ಗಾಳಿ ಕುಡಿದು ಹೋಯಿತು. ಇದಕ್ಕೆ ಕಿವಿರು ಒಂದೇ ಸಾಲದು, ಆಗಾಗ ಬಾಯಿ ಮೇಲೆತ್ತಲೇಬೇಕು. ತಾನೆಲ್ಲಿದ್ದೇನೆ ಅಂತ ತಾನೇ ಹೇಳಿಬಿಡುತ್ತದೆ, ಪಾಪ.

ನಮಸ್ಕಾರ್ರೀ. ಅಮೆರಿಕದವರು ಬಾಸ್ ಹಿಡಿಯುವ ವಿಡಿಯೋ ನೋಡಿರುತ್ತೀರಿ. ನಮ್ಮ ಕೃಷ್ಣಾ, ಘಟಪ್ರಭಾದಲ್ಲಿ ಆ ಬಾಸ್ ಹುಡುಕಬೇಡಿ, ಅದು ಉತ್ತರ ಅಮೆರಿಕದ ಮೀನು. ಆದರೆ ಬೇಟೆಯ ಬುದ್ಧಿ ಬಾಸ್‌ಗೂ ಮುರಲಿಗೂ ಒಂದೇ. ಹುಲ್ಲಿನ ಮರೆಯಲ್ಲಿ ಹೊಂಚು ಹಾಕುವುದು, ಹತ್ತಿರ ಬಂದದ್ದನ್ನು ಗಬಕ್ಕನೆ ನುಂಗುವುದು. ಹಾಗಾಗಿ ಬಾಸ್‌ಗೆ ಹಾಕುವ ರಬ್ಬರ್ ಕಪ್ಪೆ, ಅಂದರೆ ಗಾಳ ಅಡಗಿಸಿದ ನಕಲಿ ಕಪ್ಪೆ, ಮುರಲಿಗೂ ನಡೆಯುತ್ತದೆ. ಅಂಗಡಿಯಲ್ಲಿ ಅದಕ್ಕೆ ದುಡ್ಡು ಜಾಸ್ತಿ. ನಾವು ಇದರಿಂದ ಮಾಡೋಣ.

(ದೃಶ್ಯ: ಬಾರು ಕಿತ್ತ ಹವಾಯಿ ಚಪ್ಪಲಿ.)

ನಗಬೇಡಿ. ಫಿನ್ಲೆಂಡಿನ ಲೌರಿ ರಾಪಾಲಾ 1936ರಲ್ಲಿ ಕಾರ್ಕ್ ಕೆತ್ತಿ ಗಾಳಕ್ಕೆ ನಕಲಿ ಮೀನು ಮಾಡಿದ. ಹೊಳಪಿಗೆ ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿದ, ಅದರ ಮೇಲೆ ಫೋಟೋ ನೆಗೆಟಿವ್ ಕರಗಿಸಿ ಬಳಿದ. ಅವನಿಗೆ ಸಿಕ್ಕಿದ್ದು ಅದು, ನಮಗೆ ಸಿಕ್ಕಿದ್ದು ಚಪ್ಪಲಿ.

(ದೃಶ್ಯ: ಕೈಗಳು ಹತ್ತಿರದಿಂದ.)

ಹಿಮ್ಮಡಿ ಕಡೆ ರಬ್ಬರ್ ದಪ್ಪ ಇರುತ್ತದೆ. ಅಲ್ಲಿಂದ ಹೆಬ್ಬೆರಳಿನಷ್ಟು, ಸುಮಾರು 5 ಸೆಂಟಿಮೀಟರ್ ತುಂಡು ಕತ್ತರಿಸಿ. ಬ್ಲೇಡಿನಿಂದ ಮೂತಿ ಚೂಪು ಮಾಡಿ. ಹೊಟ್ಟೆಯನ್ನು ಉದ್ದಕ್ಕೆ ಸೀಳಿ, ಜೋಡಿ ಗಾಳ (ಒಂದೇ ಕಣ್ಣಿಗೆ ಎರಡು ಮೊನೆ ಇರುವುದು) ಕೂರಿಸಿ. ಗಾಳದ ಕಣ್ಣು ಮೂತಿಯಿಂದ ಹೊರಗೆ, ಎರಡೂ ಮೊನೆ ಮೇಲ್ಮುಖವಾಗಿ ಬೆನ್ನಿಗೆ ಒರಗಿರಲಿ. ಆಗ ಜೊಂಡಿಗೆ ಸಿಕ್ಕುವುದು ಕಡಿಮೆ. ಹೊಟ್ಟೆಯ ಹಿಂಭಾಗಕ್ಕೆ ತೂಕಕ್ಕೆಂದು ಸಣ್ಣ ಸೀಸದ ತುಂಡು ಇಟ್ಟು, ಫೆವಿಕ್ವಿಕ್ ಹಾಕಿ ಮುಚ್ಚಿ. ಕಾಲಿಗೆ ಸೈಕಲ್ ಟ್ಯೂಬಿನ ಎರಡು ಪಟ್ಟಿ. ಬಣ್ಣ ನಿಮ್ಮಿಷ್ಟ, ನಾನಂತೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಮೊದಲ ಸಲ ನಾನು ಕೆಟ್ಟದ್ದು ಮೊನೆಯಲ್ಲಿ. ಅದು ರಬ್ಬರಿನೊಳಗೆ ಹೂತುಹೋಗಿತ್ತು. ಮೂರು ಸಲ ಮೀನು ಕಚ್ಚಿತು, ಮೂರು ಸಲವೂ ಬರೀ ಹಲ್ಲಿನ ಗುರುತು ಹೊತ್ತು ಕಪ್ಪೆ ವಾಪಸ್ ಬಂತು. ಈಗ ಮೊನೆಯ ಪಕ್ಕದ ರಬ್ಬರ್ ಸ್ವಲ್ಪ ಕೆತ್ತಿ ತೆಗೆಯುತ್ತೇನೆ. ನೋಡಿ, ಬೆನ್ನು ಒತ್ತಿದರೆ ಮೊನೆ ಇಣುಕಬೇಕು. ಆಮೇಲೆ ಬಕೆಟ್ ನೀರಿಗೆ ಹಾಕಿ. ಮಗುಚಿ ಬಿದ್ದರೆ ಸೀಸದ ಜಾಗ ಬದಲಿಸಿ.

(ದೃಶ್ಯ: ಮತ್ತೆ ದಂಡೆ.)

ಗುಳುಕ್ ಅಂದ ಜಾಗದ ಮೇಲೇ ಎಸೆಯಬೇಡಿ, ಹೆದರಿ ಓಡುತ್ತದೆ. ಒಂದಿಷ್ಟು ಆಚೆ ಎಸೆದು ಈಚೆ ತನ್ನಿ. ಎರಡು ಸಲ ಜಗ್ಗಿ, ಬಿಡಿ. ಅಲೆ ಅಡಗುವವರೆಗೆ ಸುಮ್ನೆ ಇರಿ. ಹೊಸಬರಿಗೆ ಇದೇ ಕಷ್ಟ, ಕೈ ನಿಲ್ಲುವುದಿಲ್ಲ. ಆದರೆ ನನಗೆ ಮೀನು ಸಿಕ್ಕಿದ್ದೆಲ್ಲ ಹೆಚ್ಚಾಗಿ ಆ ಸುಮ್ಮನಿದ್ದ ಹೊತ್ತಿನಲ್ಲೇ. ನೀರು ಒಡೆದ ಕೂಡಲೇ ಎಳೆದರೆ ಕಪ್ಪೆ ನಿಮ್ಮ ಮುಖಕ್ಕೇ ಹಾರಿ ಬರುತ್ತದೆ. ದಾರ ಬಿಗಿಯಾಗಲಿ, ಆಮೇಲೆ ಜೋರಾಗಿ ಜಗ್ಗಿ.

ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ಕೆಳಗೆ ಅಪ್ಪ ಅಮ್ಮ ಕಾವಲಿರುತ್ತವೆ. ಅಲ್ಲಿ ಕಪ್ಪೆ ಹಾಕಿದರೆ ಸಿಟ್ಟಿಗೇ ಕಚ್ಚುತ್ತವೆ, ತುಂಬಾ ಸುಲಭ. ನಾನು ಹಾಕುವುದಿಲ್ಲ. ಕಾವಲು ಹೋದರೆ ಮರಿಗಳೆಲ್ಲ ಬೇರೆ ಮೀನಿನ ಪಾಲು, ಅಲ್ವಾ? ಗುತ್ತಿಗೆಗೆ ಕೊಟ್ಟ ಕೆರೆಯಾದರೆ ಕೇಳದೆ ಗಾಳ ಬಿಡಬೇಡಿ.

ಕೃಷ್ಣೆಯಲ್ಲಿ ಮೊಸಳೆಗಳಿವೆ. ಕಪ್ಪೆ ಜೊಂಡಿಗೆ ಸಿಕ್ಕಿತು ಅಂತ ನೀರಿಗಿಳಿಯಬೇಡಿ, ದಾರ ಕತ್ತರಿಸಿ ಬನ್ನಿ. ಇನ್ನೊಂದು ಕಾಲಿನ ಚಪ್ಪಲಿ ಮನೆಯಲ್ಲಿ ಇದ್ದೇ ಇದೆಯಲ್ಲಾ.