ತಾತನ ಸೈಕಲ್ಲಿನ ಟಿಕ್ ಟಿಕ್

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆ ಬಳ್ಳಾರಿಯ ಕೋಟೆ ಕಡೆ. ಹಿಂದಿನ ಕೋಣೆಯಲ್ಲಿ, ಜೋಳದ ಚೀಲಗಳ ಆಚೆ, ಇಪ್ಪತ್ತು ವರ್ಷಕ್ಕೂ ಜಾಸ್ತಿ ಒಂದು ಸೈಕಲ್ ಗೋಡೆಗೆ ಒರಗಿ ನಿಂತಿತ್ತು. ತಾತನ ಸೈಕಲ್. ಟೈರು ಒಣಗಿ ಪುಡಿಯಾಗಿತ್ತು, ಪೆಡಲ್ ತಿರುಗುತ್ತಿರಲಿಲ್ಲ. ಒಂದು ಭಾನುವಾರ ಅಂಗಳಕ್ಕೆ ತಂದು ತಲೆಕೆಳಗೆ ನಿಲ್ಲಿಸಿದೆ. ಸೀಮೆಎಣ್ಣೆ ಬಟ್ಟೆಯಲ್ಲಿ ಹಿಂದಿನ ಚಕ್ರದ ನಡುವಿನ ಹಬ್ ಒರೆಸುತ್ತಾ ಹೋದ ಹಾಗೆ, ಕೊಳೆಯ ಅಡಿಯಿಂದ ಅಕ್ಷರಗಳು ಮೂಡಿದವು. ಸ್ಟರ್ಮಿ ಆರ್ಚರ್, ಹಬ್ ಮಾಡಿದ ಕಂಪನಿ. ಎಡಬ್ಲ್ಯೂ, ಅದರ ಮಾದರಿ. ಪಕ್ಕದಲ್ಲಿ 51, ಆಮೇಲೆ 8.

ಅದು ಹಬ್ ತಯಾರಾದ ವರ್ಷ ಮತ್ತು ತಿಂಗಳು. 1951ರ ಆಗಸ್ಟ್. ಆಗ ಬಳ್ಳಾರಿ ಇನ್ನೂ ಮದ್ರಾಸ್ ರಾಜ್ಯದಲ್ಲಿತ್ತು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ತಾತ ಹತ್ತಿ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತರಾಗಿದ್ದರು. ಸೈಕಲ್ ಮದ್ರಾಸಿನಿಂದ ರೈಲಿನಲ್ಲಿ, ಗುಂತಕಲ್ ಮೇಲೆ ಬಂತು ಅಂತ ಅಪ್ಪ ಯಾವಾಗಲೂ ಹೇಳುತ್ತಿದ್ದರು. ಇಷ್ಟು ವರ್ಷ ಸುಮ್ನೆ ಕೇಳಿಸಿಕೊಂಡಿದ್ದ ಮಾತು ಅದು. ಆ ಅಂಕಿ ನೋಡಿದ ಮೇಲೆ ನಂಬಿಕೆ ಗಟ್ಟಿಯಾಯಿತು.

ಸೈಕಲ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ರ‍್ಯಾಲಿ. ಆ ಊರಿನ ರ‍್ಯಾಲಿ ಬೀದಿಯಲ್ಲಿ ಶುರುವಾದ ಕಾರ್ಖಾನೆ, ಅದಕ್ಕೇ ಆ ಹೆಸರು. ಮುಂದೆ ಕೊಕ್ಕರೆಯ ತಲೆ ಇರುವ ಬಿಲ್ಲೆ. ಚೈನ್ ಕವರ್ ಬಿಚ್ಚಿದಾಗ ಒಳಗಿನ ಹಲ್ಲಿನ ಚಕ್ರದಲ್ಲೂ ಕೊಕ್ಕರೆಯ ತಲೆಗಳು. ಕವರ್ ಮುಚ್ಚಿದರೆ ಯಾರಿಗೂ ಕಾಣದ ಜಾಗ ಅದು. ಅಲ್ಲೂ ಅಷ್ಟು ಚಂದವಾಗಿ ಕೆತ್ತಿದ್ದಾರೆ. ನಾನು ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ.

ಮೊದಲು ಒಂದು ಅಂಗಡಿಗೆ ಒಯ್ದಿದ್ದೆ. ಬಣ್ಣ ಹೊಡೆದು, ಹಿಂದಿನ ಹಬ್ ತೆಗೆದು ಮಾಮೂಲಿ ಫ್ರೀವೀಲ್ ಹಾಕಿ ಹೊಸದು ಮಾಡಿಕೊಡ್ತೀವಿ ಅಂದರು. ವಾಪಸ್ ತಂದೆ. ಹಳೇ ಕಪ್ಪು ಬಣ್ಣದ ಮೇಲೆ ಬಂಗಾರದ ಬಣ್ಣದ ಸಣ್ಣ ಗೆರೆ ಇನ್ನೂ ಉಳಿದಿತ್ತು. ಹ್ಯಾಂಡಲ್ ಹತ್ತಿರ ತಾತನ ಚೀಲ ನೇತಾಡಿ ನೇತಾಡಿ ಸವೆದ ಗುರುತಿತ್ತು. ಅದರ ಮೇಲೆ ಬಣ್ಣ ಹೊಡೆಯಲು ನನಗೆ ಮನಸ್ಸು ಬರಲಿಲ್ಲ. ತುಕ್ಕು ಹಿಡಿದ ಕಡೆ ಮಾತ್ರ ಉಜ್ಜಿ, ಎಣ್ಣೆ ಸವರಿ ಬಿಟ್ಟಿದ್ದೇನೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕಾಟರ್ ಪಿನ್. ಪೆಡಲ್ಲಿನ ಕ್ರ್ಯಾಂಕನ್ನು ಆ್ಯಕ್ಸಲಿಗೆ ಬಿಗಿದು ಹಿಡಿಯುವ ಬೆಣೆ ಇದು, ಕಿರುಬೆರಳಿಗಿಂತ ಸಣ್ಣದು. ಡೀಸೆಲ್ ಬಿಟ್ಟು ಮೂರು ದಿನ ಕಾದೆ, ಸುತ್ತಿಗೆಯಲ್ಲಿ ಬಡಿದೆ, ಅಲುಗಲಿಲ್ಲ. ಕೊನೆಗೆ ಕೌಲ್ ಬಜಾರಿನ ಹಳೇ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಊರಿನವರೆಲ್ಲ ಅವರನ್ನು ಚಾಚಾ ಅಂತಲೇ ಕರೆಯುತ್ತಾರೆ. ಅವರು ಕ್ರ್ಯಾಂಕಿನ ಕೆಳಗೆ ಒಂದು ತುಂಡು ಪೈಪನ್ನು ನೆಲದಿಂದ ನೆಟ್ಟಗೆ ಆನಿಸಿದರು. ನಟ್ಟನ್ನು ಪೂರ್ತಿ ತೆಗೆಯದೆ ಪಿನ್ನಿನ ತುದಿಗೆ ಸಮವಾಗಿ ಬಿಟ್ಟರು, ಮರೆ, ಅಂದರೆ ಥ್ರೆಡ್, ಕೆಡದಿರಲಿ ಅಂತ. ಆಮೇಲೆ ನನ್ನ ಕೈಗೆ ಸುತ್ತಿಗೆ ಕೊಟ್ಟರು.

"ಹತ್ತು ಸಲ ಬಡೀಬೇಡ ಬೇಟಾ. ಒಂದೇ ಏಟು, ಗಟ್ಟಿ ಏಟು."

ಬಂತು. ಪೈಪ್ ಇಲ್ಲದೆ ಬಡಿದಾಗ ಏಟಿನ ಬಲವೆಲ್ಲ ಟೈರು, ಕಡ್ಡಿಗಳಲ್ಲೇ ಕರಗಿಹೋಗುತ್ತಿತ್ತು. ಪಿನ್ನಿಗೆ ತಲುಪುತ್ತಲೇ ಇರಲಿಲ್ಲ. ಹೊಸ ಪಿನ್ ಹಾಕುವಾಗ ಅದರ ಚಪ್ಪಟೆ ಮುಖವನ್ನು ಅರದಲ್ಲಿ ಸ್ವಲ್ಪ ಸ್ವಲ್ಪವೇ ತಿಕ್ಕಿ ಕೂರಿಸಬೇಕು. ಎರಡು ಪಿನ್ನುಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಇರಬೇಕು, ಇಲ್ಲದಿದ್ದರೆ ಪೆಡಲ್‌ಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಆ್ಯಕ್ಸಲಿನ ಗುಂಡುಗಳು ಕೂರುವ ಬಟ್ಟಲುಗಳನ್ನು ಚಾಚಾ ಬಿಸಾಡಲು ಬಿಡಲಿಲ್ಲ. ಬೇರೆ ಹೆಚ್ಚಿನ ಸೈಕಲ್ಲುಗಳಲ್ಲಿ ಅಲ್ಲಿ ಇಂಚಿಗೆ 24 ಮರೆ, ರ‍್ಯಾಲಿಯಲ್ಲಿ 26. ಹೊರಗಿನದು ಕೂರುವುದಿಲ್ಲ. ಟೈರಿಗೆ ಮಾತ್ರ ಒದ್ದಾಡಬೇಕಾಗಲಿಲ್ಲ. 28 ಇಂಚಿನ ಟೈರು ಇವತ್ತಿಗೂ ನಮ್ಮ ಯಾವ ಸೈಕಲ್ ಅಂಗಡಿಯಲ್ಲಾದರೂ ಸಿಗುತ್ತದೆ.

ಈಗ ಆ ಹಬ್ಬಿನ ವಿಷಯಕ್ಕೆ ಬರುತ್ತೇನೆ. ನನಗೆ ಈ ಸೈಕಲ್ ಮೇಲೆ ಇಷ್ಟು ಪ್ರೀತಿ ಬರಲು ಅದೇ ಕಾರಣ. ಒಂದು ಮುಷ್ಟಿಯಷ್ಟು ದಪ್ಪದ ಉಕ್ಕಿನ ಡಬ್ಬಿಯೊಳಗೆ ಮೂರು ಗೇರು. ನಡುವೆ ಕದಲದ ಒಂದು ಹಲ್ಲಿನ ಚಕ್ರ, ಅದರ ಸುತ್ತ ನಾಲ್ಕು ಪುಟ್ಟ ಚಕ್ರ, ಅವುಗಳ ಹೊರಗೆ ಒಂದು ಹಲ್ಲಿನ ಬಳೆ. ಎರಡನೇ ಗೇರು ನೇರ: ಚೈನ್ ತಿರುಗಿಸಿದಷ್ಟೇ ಚಕ್ರ ತಿರುಗುತ್ತದೆ. ಒಂದನೆಯದರಲ್ಲಿ ಅದರ ಮುಕ್ಕಾಲು, ಮೂರನೆಯದರಲ್ಲಿ ಅದಕ್ಕಿಂತ ಮೂರನೇ ಒಂದು ಪಾಲು ಜಾಸ್ತಿ. ನಮ್ಮ ಸೈಕಲ್ಲಿನಲ್ಲಿ ಎರಡನೇ ಗೇರಿನಲ್ಲಿ ಪೆಡಲ್ ಒಂದು ಸುತ್ತು ಹಾಕಿದರೆ ಸುಮಾರು 6 ಮೀಟರ್ ದೂರ ಹೋಗುತ್ತದೆ. ಗ್ರೀಸ್ ತುರುಕಬಾರದು, ತೆಳು ಎಣ್ಣೆ ಬೇಕು. ಹಬ್ಬಿನ ಮೇಲೆಯೇ ಅದಕ್ಕೊಂದು ಮುಚ್ಚಳದ ತೂತಿದೆ. ಹೊಲಿಗೆ ಮಿಷನ್ ಎಣ್ಣೆ ಕೆಲವು ಹನಿ ಬಿಟ್ಟು ಚಕ್ರ ತಿರುಗಿಸಿದೆ. ಮೊದಲು ಕಪ್ಪು ಕೆಸರು ಸೋರಿತು. ಆಮೇಲೆ ಸದ್ದು ಬಂತು. ಟಿಕ್, ಟಿಕ್, ಟಿಕ್.

ಗೇರಿನ ತಂತಿ ಸರಿಯಾಗಿ ಬಿಗಿದಿರಲೇಬೇಕು. ಸಡಿಲ ಬಿಟ್ಟು ಹೊರಟ ಮೊದಲ ದಿನ, ಎರಡು ಮತ್ತು ಮೂರರ ನಡುವೆ ಗೇರು ಎಲ್ಲೂ ಕಚ್ಚಿಕೊಳ್ಳದೆ ಪೆಡಲ್ ಧಡಕ್ಕನೆ ಖಾಲಿ ತಿರುಗಿತು. ಮೊಣಕಾಲು ಹ್ಯಾಂಡಲಿಗೆ ಬಡಿದು ವಾರ ನೋವಿತ್ತು. ರಾಡ್ ಬ್ರೇಕಿನ ವಿಷಯದಲ್ಲೂ ಹುಷಾರು. ಕ್ರೋಮಿಯಂ ರಿಮ್ ನೆನೆದರೆ ರಬ್ಬರ್ ಜಾರುತ್ತದೆ, ಮಳೆಯಲ್ಲಿ ಬೇಗನೇ ಬ್ರೇಕ್ ಹಿಡಿಯಬೇಕು.

ಈಗ ಬೆಳಿಗ್ಗೆ ಐದೂವರೆಗೆ ಸಂಗನಕಲ್ಲು ಕಡೆ ಹೊರಡುತ್ತೇನೆ, ಬಿಸಿಲು ಏರುವ ಮೊದಲು. ಬೆನ್ನು ನೆಟ್ಟಗಿಟ್ಟು ಕೂರುವ ಸೈಕಲ್ ಇದು. ಮುಂದಿನ ಫೋರ್ಕು ಮುಂದಕ್ಕೆ ಚಾಚಿದೆ, ಗಾಲಿಗಳ ನಡುವೆ ಅಂತರ ಜಾಸ್ತಿ, ಚರ್ಮದ ಸೀಟಿನ ಕೆಳಗೆ ಸ್ಪ್ರಿಂಗು. ಗುಂಡಿ ಬಂದರೆ ಸೈಕಲ್ಲೇ ಅರ್ಧ ನುಂಗಿಕೊಳ್ಳುತ್ತದೆ. ತಾತ ಪಂಚೆ ಉಟ್ಟುಕೊಂಡೇ ಓಡಿಸುತ್ತಿದ್ದರು, ಚೈನ್ ಪೂರ್ತಿ ಕವರಿನೊಳಗೆ ಇರುವುದರಿಂದ ಪಂಚೆ ಸಿಕ್ಕಿಕೊಳ್ಳುವ ಭಯವಿಲ್ಲ. ಆರು ಸಾವಿರ ರೂಪಾಯಿಯ ಹೊಸ ಸೈಕಲ್ ನಮ್ಮ ಮನೆಯಲ್ಲೂ ಇದೆ. ಅದರಲ್ಲಿ ನನಗೆ ಇಷ್ಟು ಹಾಯಾಗಿ ಕೂರಲು ಆಗಿಲ್ಲ.

ಆ ಟಿಕ್ ಟಿಕ್ ಬಗ್ಗೆ ಇನ್ನೊಂದು ಮಾತು. ತುಳಿಯುವಾಗ ಎರಡು ಮತ್ತು ಮೂರನೇ ಗೇರಿನಲ್ಲಿ ಮಾತ್ರ ಆ ಸದ್ದು. ಒಂದನೇ ಗೇರಿನಲ್ಲಿ ಹಬ್ ಮೌನ. ಇದನ್ನು ನಾನು ಪುಸ್ತಕ ಓದಿ ತಿಳಿದುಕೊಂಡಿದ್ದು.

ಮೊನ್ನೆ ಬೆಳಿಗ್ಗೆ ನಮ್ಮ ಓಣಿಯ ಏರು ಹತ್ತಿ ಬಂದು ಬಾಗಿಲಲ್ಲಿ ಸೈಕಲ್ ನಿಲ್ಲಿಸಿದೆ. ಒಳಗೆ ಕುರ್ಚಿಯಲ್ಲಿ ಕೂತಿದ್ದ ಅಪ್ಪ ತಲೆ ಎತ್ತದೆಯೇ ಕೇಳಿದರು: "ಬಾವಿ ಹತ್ತಿರಾನೇ ಒಂದನೇ ಗೇರಿಗೆ ಹಾಕಿಬಿಟ್ಯಾ? ನಿಮ್ಮ ತಾತ ಗುಡಿ ದಾಟೋ ತನಕ ಎರಡರಲ್ಲೇ ಬರೋರು."