ಮೂರು ಮುಖ ಕಂಡ ಕೂಡಲೇ ಹೆಸರು ಹೇಳಬೇಡಿ

ನಮಸ್ಕಾರ. ಏಷ್ಯಾದ ಧರ್ಮ, ಕಲೆ, ಸಂಸ್ಕೃತಿ ಅಂತ ಓದುವ ಮಕ್ಕಳಿಗೆ ಸಿಗುವ ಪಾಠಪಟ್ಟಿ ಹೇಗಿರುತ್ತದೆ ಗೊತ್ತಲ್ಲ? ಒಂದನೇ ಘಟಕ ಹಿಂದೂ, ಎರಡನೆಯದು ಬೌದ್ಧ, ಮೂರನೆಯದು ಜೈನ, ಸಮಯ ಉಳಿದರೆ ಚೀನಾ, ಜಪಾನ್. ಪರೀಕ್ಷೆಗೆ ಸಲೀಸು. ಮಂಗಳೂರಿನ ಕದ್ರಿ ಗುಡ್ಡಕ್ಕೆ ಹೋಗಿ ನೋಡಿದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ ಮಾರಾಯ್ರೆ. ನಾನು ಹೇಳುವುದು ಇಷ್ಟೆ: ಮೂರ್ತಿಯನ್ನು ಸರಿಯಾಗಿ ನೋಡಿ ಮುಗಿಸಿ, ಅದು ಯಾವ ಧರ್ಮದ್ದು ಅಂತ ಆಮೇಲೆ ಬರೆಯಿರಿ.

ಕದ್ರಿಯ ಗರ್ಭಗುಡಿಯಲ್ಲಿರುವುದು ಮಂಜುನಾಥ, ಲಿಂಗರೂಪಿ. ಅದೇ ದೇವಸ್ಥಾನದಲ್ಲಿ ಸುಮಾರು ಐದು ಅಡಿ ಎತ್ತರದ ಕಂಚಿನ ಲೋಕೇಶ್ವರ ಉಂಟು, ಅಂದರೆ ಬೌದ್ಧರ ಬೋಧಿಸತ್ವ ಅವಲೋಕಿತೇಶ್ವರ. ಪದ್ಮಾಸನ, ಮೂರು ಮುಖ, ಆರು ಕೈ. ಹೆಚ್ಚಿನವರು ಎಡವುವುದು ಇಲ್ಲೇ. ಮೂರು ಮುಖ ಕಂಡ ಕೂಡಲೇ ಬ್ರಹ್ಮ ಇರಬೇಕು, ನಾಲ್ಕನೆಯದು ಹಿಂದೆ ಇದ್ದೀತು ಅನ್ನಿಸುತ್ತದೆ, ಇಲ್ಲದಿದ್ದರೆ ದತ್ತಾತ್ರೇಯ. ಅಲಂಕಾರ ಆದ ಮೇಲೆ ಹೋದರಂತೂ ಕೇಳುವುದೇ ಬೇಡ. ವಸ್ತ್ರ, ಹೂವಿನ ಹಾರದ ಅಡಿಯಲ್ಲಿ ಎರಡು ಕೈ ಮುಚ್ಚಿಹೋದರೆ ಪುಸ್ತಕದಲ್ಲಿ 'ನಾಲ್ಕು ಕೈ' ಅಂತ ಬೀಳುತ್ತದೆ, ಅಲ್ಲಿಂದ ವಿಷ್ಣು ಅನ್ನುವುದಕ್ಕೆ ಒಂದೇ ಹೆಜ್ಜೆ.

ಹಾಗಾಗಿ ಕ್ರಮ ಬೇಕು. ಮುಖದಿಂದ ಶುರು ಮಾಡಬೇಡಿ, ಪೀಠದಿಂದ ಮಾಡಿ. ಆಮೇಲೆ ಆಸನ, ಕೈಗಳ ಲೆಕ್ಕ, ಒಂದೊಂದು ಕೈಯಲ್ಲಿ ಎಂತ ಉಂಟು ಅಥವಾ ಯಾವ ಮುದ್ರೆ, ಕೊನೆಗೆ ಕಿರೀಟ. ಅವಲೋಕಿತೇಶ್ವರನನ್ನು ಗುರುತಿಸುವವರು ಜಟಾಮುಕುಟದಲ್ಲಿ ಹುಡುಕುವುದು ಧ್ಯಾನಕ್ಕೆ ಕೂತ ಪುಟ್ಟ ಅಮಿತಾಭ ಬುದ್ಧನನ್ನು. ಬೆರಳುಗುರಿನಷ್ಟು ಚಿಕ್ಕದಿರಬಹುದು, ಮೊಬೈಲ್ ಫೋಟೊದಲ್ಲಿ ಎಣ್ಣೆಯ ಹೊಳಪಿಗೆ ಮಾಯವಾಗುತ್ತದೆ. ಫೋಟೊಗೆ ದೇವಸ್ಥಾನದ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಬೇಡ ಅಂದರೆ ಪೆನ್ಸಿಲ್ ಹಿಡಿದು ಚಿತ್ರ ಬರೆದುಕೊಳ್ಳಿ. ಕೈ ಲೆಕ್ಕ ತಪ್ಪದಿರುವುದಕ್ಕೆ ಅದೇ ಒಳ್ಳೆಯದು.

ಪೀಠದಿಂದ ಯಾಕೆ ಅಂದರೆ, ಶಾಸನ ಇರುವುದೇ ಅಲ್ಲಿ. ತುಳುನಾಡನ್ನು ಆಳಿದ ಆಳುಪ ವಂಶದ ದೊರೆ ಕುಂದವರ್ಮ ಕದಿರಿಕಾ ಎಂಬ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠೆ ಮಾಡಿದ ಅಂತ ಸಂಸ್ಕೃತ ಶ್ಲೋಕಗಳು ಹೇಳುತ್ತವೆ. ಕಾಲವನ್ನೂ ಶ್ಲೋಕದಲ್ಲೇ ಪೋಣಿಸಿದ್ದಾರೆ: ಕಲಿಯುಗದಲ್ಲಿ ನಾಲ್ಕು ಸಾವಿರದ ಅರವತ್ತೆಂಟು ವರ್ಷ ಕಳೆದಾಗ. ಅಂದರೆ ಗತಕಲಿ 4068. ಕಲಿವರ್ಷವನ್ನು ಕ್ರಿ.ಶ.ಕ್ಕೆ ತರಲು ಅದರಿಂದ 3101 ಕಳೆದರೆ 967. ನಮ್ಮ ಹಳೆಯ ವರ್ಷ ಜನವರಿಗೆ ಶುರುವಾಗುವುದಿಲ್ಲ, ಆದ್ದರಿಂದ ಅದು ಕ್ರಿ.ಶ. 967-68ರಲ್ಲಿ ಹಬ್ಬಿಕೊಂಡಿದೆ, ಪುಸ್ತಕಗಳು 968 ಅನ್ನುತ್ತವೆ. ಗತವರ್ಷವನ್ನು ನಡೆಯುವ ವರ್ಷ ಅಂತ ಹಿಡಿದರೆ ಉತ್ತರ ಒಂದು ವರ್ಷ ಹಿಂದೆ ಬೀಳುತ್ತದೆ.

ಇನ್ನು ಮುಖ್ಯ ವಿಷಯ. ಅದೇ ಶಾಸನ ಕುಂದವರ್ಮನನ್ನು ಕರೆಯುವುದು ಬಾಲಚಂದ್ರನನ್ನು ಮುಡಿದವನ ಪಾದಕಮಲದ ದುಂಬಿ ಅಂತ. ಶಿವಭಕ್ತ! ಶಿವಭಕ್ತ ದೊರೆ, ವಿಹಾರ, ಲೋಕೇಶ್ವರ, ಮೂರೂ ಒಂದೇ ಪೀಠದಲ್ಲಿ. ಇದನ್ನು ಎರಡನೇ ಘಟಕಕ್ಕೆ ಹಾಕುತ್ತೀರಾ, ಒಂದನೆಯದಕ್ಕಾ? 'ದೇವಸ್ಥಾನ ಮೊದಲು ಯಾರದ್ದು' ಅಂತ ವಾಟ್ಸಾಪಿನಲ್ಲಿ ಜಗಳಾಡುವ ಎರಡೂ ಕಡೆಯವರು ಈ ಸಾಲನ್ನು ಓದಿರುವುದಿಲ್ಲ.

ಕದ್ರಿ ಗುಡ್ಡದ ಮೇಲೆ ಜೋಗಿ ಮಠ ಉಂಟು, ಶೈವ ಯೋಗಿಗಳ ನಾಥಪಂಥದ್ದು. ಮತ್ಸ್ಯೇಂದ್ರನಾಥ ಆ ಪಂಥದ ಆದಿಗುರುಗಳಲ್ಲಿ ಒಬ್ಬ. ನೇಪಾಳದ ಪಾಟನ್‌ನಲ್ಲಿ ರಥವೇರುವ ರಾತೋ ಮಚ್ಛಿಂದ್ರನಾಥನನ್ನು ನೇವಾರ ಬೌದ್ಧರು ಪೂಜಿಸುವುದು ಲೋಕೇಶ್ವರ ಅಂತಲೇ. ಅಲ್ಲಿ ನಾಥ ಮತ್ತು ಲೋಕೇಶ್ವರ ಒಂದೇ ಮೂರ್ತಿ, ಇಲ್ಲಿ ಇಬ್ಬರೂ ಒಂದೇ ಗುಡ್ಡದಲ್ಲಿ. ನನ್ನ ಮಟ್ಟಿಗೆ ಇದು ಬೆನ್ನುಹತ್ತಬೇಕಾದ ಹೋಲಿಕೆ. ಎರಡೂ ಕಡೆ ಹೆಸರು, ಪಂಥ, ಪೂಜೆ ಸಾಕ್ಷಿಗೆ ನಿಂತಿವೆ.

ಎಲ್ಲ ಹೋಲಿಕೆಗೂ ಅಷ್ಟು ಬೆಲೆ ಕೊಡಬೇಕಾಗಿಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಅದರ ಅಂತಸ್ತುಗಳ ಇಳಿಜಾರು ಮಾಡು (ಛಾವಣಿ) ಕಂಡು 19ನೇ ಶತಮಾನದ ವಾಸ್ತುಶಿಲ್ಪ ಇತಿಹಾಸಕಾರ ಜೇಮ್ಸ್ ಫರ್ಗುಸನ್‌ಗೆ ನೇಪಾಳ ನೆನಪಾಯಿತು. ಫೋಟೊ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಹಾಗೇ ಕಾಣುತ್ತದೆ. ಆದರೆ ಇಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ. ಚಪ್ಪಟೆ ಕಲ್ಲುಮಾಡಿನಲ್ಲಿ ಚಪ್ಪಡಿಗಳ ಸಂದಿಯಿಂದ ನೀರು ಇಳಿಯುತ್ತದೆ. ಗೋಡೆಗೆ ಇರಿಚಲು ಹೊಡೆಯದಿರಲು ಮಾಡು ಹೊರಗೆ ಚಾಚಲೇಬೇಕು. ಬಸದಿಗೂ ಅದೇ ಮಾಡು, ದೇವಸ್ಥಾನಕ್ಕೂ ಅದೇ, ಊರಿನ ದೊಡ್ಡ ಮನೆತನದವರ ಗುತ್ತಿನ ಮನೆಗೂ ಅದೇ. ಮಳೆಯೇ ಸಾಕಷ್ಟು ಕಾರಣ ಕೊಡುವಾಗ ಹಿಮಾಲಯದ ತನಕ ಯಾಕೆ ಹೋಗಬೇಕು?

ಅದೇ ಬಸದಿಯಲ್ಲಿ ದೂರದ ನಂಟು ಬೇಕಿದ್ದವರು ಮಾಡು ಬಿಟ್ಟು ಕೆಳಗೆ ಬಗ್ಗಿ ನೋಡಬೇಕು. ಭೈರಾದೇವಿ ಮಂಟಪದ ಜಗಲಿಯ ಕಲ್ಲಿನಲ್ಲಿ ಚೀನಾದ ಡ್ರ್ಯಾಗನ್ ಉಂಟು, ಜಿರಾಫೆ ಉಂಟು. ಜಿರಾಫೆ ಈ ಘಟ್ಟದ ಕಾಡಿನದ್ದಲ್ಲ, ಆಫ್ರಿಕಾದ್ದು. ಅದಕ್ಕೆ ಮಳೆಯ ಕಾರಣ ಕೊಡಲು ಆಗುವುದಿಲ್ಲ; ಹಡಗಿನ ವ್ಯಾಪಾರದ ಕಡೆಗೇ ಹೋಗಬೇಕು. ಕಂಬ ಎಣಿಸುತ್ತಾ ನೇರ ಒಳಗೆ ನಡೆದವರಿಗೆ ಅವು ಕಣ್ಣಿಗೇ ಬೀಳುವುದಿಲ್ಲ.