ಕೇಳುವ ಅಭ್ಯಾಸ ಮತ್ತು ರಾಗಶಾಸ್ತ್ರ

ಸಹೃದಯರೇ,

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ಹಿಂದೂಸ್ತಾನಿ ಗಾಯನ ಕಲಿಯುವ ಮಕ್ಕಳಿಗೆ ಕೊರತೆಯಿಲ್ಲ. ಆದರೆ ಪರೀಕ್ಷೆಯ ಶಾಸ್ತ್ರಪತ್ರಿಕೆಯಲ್ಲಿ ಭೂಪಾಲಿ ರಾಗದ ಆರೋಹ ಅವರೋಹಗಳನ್ನು (ಸ್ವರಗಳ ಏರಿಕೆ ಇಳಿಕೆಗಳನ್ನು) ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿಯೇ, ಕೇಳಿದ ನಾಲ್ಕು ಸ್ವರಗಳ ತುಣುಕನ್ನು ಸರಗಮ್ಮಿನಲ್ಲಿ, ಅಂದರೆ ಸ್ವರಗಳ ಹೆಸರಿನಲ್ಲಿ, ಹೇಳೆಂದರೆ ತಡವರಿಸುವುದನ್ನು ಮತ್ತೆ ಮತ್ತೆ ಕಾಣುತ್ತೇವೆ. ಬುದ್ಧಿ ಸಾಲದ್ದಕ್ಕೆ ಹೀಗಾಗುವುದಿಲ್ಲ; ಕಿವಿ ಗುರುತಿಸುವ ಮೊದಲೇ ಕೈ ಹೆಸರು ಬರೆದಿರುತ್ತದೆ.

ಕಿವಿಯ ಶಿಕ್ಷಣ ತಂಬೂರಿಯಿಂದ ಆರಂಭವಾಗಬೇಕು. ಜವಾರಿ (ತಂತಿಗೆ ಝೇಂಕಾರ ಕೊಡುವ ಕುದುರೆಯ ಹದ) ಸರಿಯಾಗಿ ಕೂತ ತಂಬೂರಿಯ ಖರ್ಜದ, ಅಂದರೆ ಕೆಳಗಿನ ಷಡ್ಜದ (ಸಾ), ತಂತಿಯನ್ನು ಮೀಟಿ ಸುಮ್ಮನೆ ಆಲಿಸಿದರೆ, ಯಾರೂ ಮೀಟದ ಗಾಂಧಾರವೊಂದು (ಗ) ಅದರೊಳಗಿಂದಲೇ ಏಳುತ್ತದೆ. ಮೂಲ ಕಂಪನದ ಐದು ಪಟ್ಟು ವೇಗದ ಉಪಸ್ವರವಾದ ಇದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಸಪ್ತಕವನ್ನು 1200 ಸೆಂಟ್‌ಗಳಾಗಿ ಎಣಿಸಿದರೆ ಈ ಗಾಂಧಾರ ಷಡ್ಜದಿಂದ ಸುಮಾರು 386 ಸೆಂಟ್ ಮೇಲಿರುತ್ತದೆ. ಸಮಾನ ಅಂತರಗಳಲ್ಲಿ ಶ್ರುತಿಮಾಡಿದ ಹಾರ್ಮೋನಿಯಮ್ಮಿನದು 400ರಲ್ಲಿರುತ್ತದೆ. ಈ 14 ಸೆಂಟ್‌ಗಳನ್ನು ಲೆಕ್ಕದಲ್ಲಿ ಒಪ್ಪುವುದು ಸುಲಭ, ಕಿವಿಯಲ್ಲಿ ಹಿಡಿಯಲು ತಿಂಗಳುಗಳೇ ಬೇಕು. ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಹಾರ್ಮೋನಿಯಮ್ಮನ್ನು ನಿಷೇಧಿಸಿದ್ದು ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಆದರೂ ಮೊದಲ ವರ್ಷ ಅದರ ಮನೆಗಳನ್ನು ಒತ್ತುತ್ತಲೇ ಪಲ್ಟಾ (ಸ್ವರಗಳನ್ನು ಹೆಣೆದ ಅಭ್ಯಾಸಪಾಠ) ಹೇಳಿಸುವುದನ್ನು ನಾನು ಒಪ್ಪಲಾರೆ.

ಹಾಗೆಂದು ಶಾಸ್ತ್ರ ಬೇಡವೆಂದಲ್ಲ. ಭೂಪಾಲಿಗೂ ದೇಶಕಾರ ರಾಗಕ್ಕೂ ಸಾ, ರೇ, ಗ, ಪ, ಧ ಎಂಬ ಅವೇ ಐದು ಶುದ್ಧ ಸ್ವರಗಳು. ರಾಗಗಳನ್ನು ಥಾಟುಗಳೆಂಬ ಗುಂಪುಗಳಾಗಿ ವಿಂಗಡಿಸಿದ ಸಂಗೀತಶಾಸ್ತ್ರಜ್ಞ ಭಾತಖಂಡೆಯವರು ಮೊದಲನೆಯದನ್ನು ಕಲ್ಯಾಣ ಥಾಟಿನಲ್ಲಿಯೂ ಎರಡನೆಯದನ್ನು ಬಿಲಾವಲ ಥಾಟಿನಲ್ಲಿಯೂ ಇರಿಸಿದರು. ಸ್ವರಪಟ್ಟಿ ಮಾತ್ರ ಓದಿದವನಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಎರಡನ್ನೂ ಒಂದರ ಹಿಂದೊಂದು ಕೇಳಿಸಿ, ಹಾಡುವವರು ಯಾವ ಸ್ವರದ ಮೇಲೆ ನಿಲ್ಲುತ್ತಾರೆ, ಸಪ್ತಕದ ಯಾವ ಅಂಗದಲ್ಲಿ (ಕೆಳಗಿನ ಅರ್ಧದಲ್ಲೋ ಮೇಲಿನದರಲ್ಲೋ) ಹೆಚ್ಚು ತಿರುಗುತ್ತಾರೆ ಎಂದಷ್ಟೇ ಕೇಳಿ. ಭೂಪಾಲಿ ಪೂರ್ವಾಂಗದ (ಕೆಳಗಿನ ಅರ್ಧದ) ಗಾಂಧಾರಕ್ಕೆ ಮರಳುವುದನ್ನೂ ದೇಶಕಾರ ಮೇಲಿನ ಧೈವತವನ್ನು ಬಿಡದಿರುವುದನ್ನೂ ಮಕ್ಕಳೇ ಹೇಳುತ್ತಾರೆ. ರಾಗದ ಮುಖ್ಯ ಸ್ವರಕ್ಕೆ ವಾದಿ ಎಂಬ ಪದವನ್ನು ಆಗ ಕೊಟ್ಟರೆ ಅದು ನಿಲ್ಲುತ್ತದೆ. ಅವೇ ಸ್ವರಗಳನ್ನು ತಮ್ಮಲ್ಲಿ ಹಂಚಿಕೊಂಡ ಮಾರವಾ, ಪೂರಿಯಾ, ಸೋಹನಿ ರಾಗಗಳನ್ನು ಹೀಗೆಯೇ ಬಿಡಿಸಬಹುದು, ಆದರೆ ಅದು ಮುಂದಿನ ವರ್ಷಗಳ ಕೆಲಸ.

ಈ ಅಭ್ಯಾಸಕ್ಕೆ ನಮ್ಮ ಮಳೆಗಾಲವೂ ಒದಗುತ್ತದೆ. ಥಂಡಿಗೆ ತಬಲಾದ ಚರ್ಮ ಸಡಿಲಾಗಿ ಸ್ವರ ಇಳಿದಾಗ ಗುರುಗಳು ತಾವೇ ಸುತ್ತಿಗೆ ಹಿಡಿಯದೆ, ಅಂಚಿನ ಸುತ್ತಲಿನ ಹದಿನಾರು ಮನೆಗಳಲ್ಲಿ ಯಾವುದು ಇಳಿದಿದೆಯೆಂದು ವಿದ್ಯಾರ್ಥಿಯನ್ನೇ ಕೇಳಬೇಕು. ಯಕ್ಷಗಾನದ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಭಾಗವತರ ಶ್ರುತಿಗೆ ಮದ್ದಳೆಯನ್ನು ಕೂಡಿಸುವಾಗ ಪಕ್ಕದಲ್ಲಿ ಕೂತಿರುವುದೂ ಒಳ್ಳೆಯ ಪಾಠವೇ.

ಸ್ವರಲಿಪಿಯ ಸರದಿ ಇವೆಲ್ಲ ಆದಮೇಲೆ. ಕೇಳಿದ ತುಣುಕನ್ನು ಮೊದಲು ಆಕಾರದಲ್ಲಿ ('ಆ' ಎಂದಷ್ಟೇ), ಅನಂತರ ಸರಗಮ್ಮಿನಲ್ಲಿ ಹಾಡಿಸಿ, ಕೋಮಲ (ಇಳಿಸಿದ) ಸ್ವರಕ್ಕೆ ಕೆಳಗೆರೆ, ತೀವ್ರ (ಏರಿಸಿದ) ಮಧ್ಯಮಕ್ಕೆ ಮೇಲೊಂದು ನೆಟ್ಟಗೆರೆ, ಮಂದ್ರ (ಕೆಳಗಿನ) ಸಪ್ತಕಕ್ಕೆ ಕೆಳಗೂ ತಾರ (ಮೇಲಿನ) ಸಪ್ತಕಕ್ಕೆ ಮೇಲೂ ಚುಕ್ಕೆಯಿಟ್ಟು ಭಾತಖಂಡೆ ಪದ್ಧತಿಯಲ್ಲಿ ಬರೆಸಬೇಕು. ಬರೆದದ್ದು ಸರಿಯೇ ಎಂದು ನೋಡಲು ಹಾರ್ಮೋನಿಯಂ ಆಗ ತೆರೆಯಲಿ.